ಯಾವ ಎಲೆ ಮೊದಲು ಹಳದಿಯಾಯ್ತು?

ಕರಿಬೇವಿನ ಗಿಡ ಹಳದಿಯಾಗ್ತಿದೆ ಅಂತ ಮನೆಯಲ್ಲಿ ಒಂದು ಮಾತು ಹೇಳಿ ನೋಡಿ. ಅಜ್ಜಿ ಹುಳಿ ಮಜ್ಜಿಗೆ ಹಾಕು ಅಂತಾರೆ. ಪಕ್ಕದ ಮನೆ ಆಂಟಿ ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕು ಅಂತಾರೆ. ಯೂಟ್ಯೂಬಿನಲ್ಲಿ ಒಬ್ಬರು ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು ಅಂದರೆ ಇನ್ನೊಬ್ಬರು ಒಲೆ ಬೂದಿ ಅಂತಾರೆ. ಎಲ್ಲವೂ ಅಡುಗೆಮನೆಯಲ್ಲೇ ಸಿಗೋದು, ಖರ್ಚಂತೂ ಇಲ್ಲ. ಹಾಗಾಗಿ ನಾಲ್ಕನ್ನೂ ಒಂದೇ ವಾರದಲ್ಲಿ ಸುರಿಯೋರು ಬಹಳ ಜನ. ಆದ್ರೆ ಮಜ್ಜಿಗೆ ಆಮ್ಲ, ಬೂದಿ ಮತ್ತು ಮೊಟ್ಟೆ ಸಿಪ್ಪೆ ಕ್ಷಾರ. ಒಂದು ಮಾಡಿದ ಕೆಲಸವನ್ನ ಇನ್ನೊಂದು ಅಳಿಸುತ್ತೆ.

ಹಳದಿ ಅನ್ನೋದು ರೋಗದ ಹೆಸರಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅದೊಂದು ಎರರ್ ಮೆಸೇಜ್. ಅದನ್ನ ಓದದೇ ಕೋಡ್ ತಿದ್ದೋಕೆ ಹೋಗಬಾರದು. ಓದೋಕೆ ಬೇಕಾದ ಪ್ರಶ್ನೆ ಒಂದೇ: ಹಳದಿಯಾಗಿರೋದು ಕೆಳಗಿನ ಹಳೇ ಎಲೆಯೋ, ತುದಿಯ ಹೊಸ ಚಿಗುರೋ?

ಯಾಕೆ ಅಂತ ನೋಡೋಣ. ಎಲೆಯ ಹಸಿರಿಗೆ ಕಾರಣ ಪತ್ರಹರಿತ್ತು. ಅದರ ಅಣುವಿನ ನಡುವೆ ಒಂದು ಮೆಗ್ನೀಸಿಯಂ ಪರಮಾಣು, ಅದನ್ನ ಸುತ್ತುವರಿದು 4 ಸಾರಜನಕದ ಪರಮಾಣುಗಳು. ಕಬ್ಬಿಣ ಈ ಅಣುವಿನೊಳಗೆ ಇಲ್ಲ, ಆದರೆ ಕಬ್ಬಿಣ ಇಲ್ಲದೆ ಗಿಡಕ್ಕೆ ಇದನ್ನ ತಯಾರಿಸೋಕೆ ಆಗಲ್ಲ. ಸಾರಜನಕ, ಮೆಗ್ನೀಸಿಯಂ, ಪೊಟ್ಯಾಸಿಯಂ ಗಿಡದೊಳಗೆ ಓಡಾಡಬಲ್ಲವು. ಕೊರತೆ ಬಂದಾಗ ಗಿಡ ಹಳೇ ಎಲೆಯಿಂದ ಅವನ್ನ ಕಿತ್ತು ಚಿಗುರಿಗೆ ಕಳಿಸುತ್ತೆ, ಮನೇಲಿ ಹಿರಿಯರು ತಮ್ಮ ತಟ್ಟೆಯದನ್ನ ಮಕ್ಕಳಿಗೆ ಬಡಿಸಿದ ಹಾಗೆ. ಕಬ್ಬಿಣ ಹಾಗಲ್ಲ. ಒಮ್ಮೆ ಒಂದು ಎಲೆಗೆ ಸೇರಿದ್ರೆ ಹೆಚ್ಚುಕಡಿಮೆ ಅಲ್ಲೇ ಉಳಿಯುತ್ತೆ. ಕೊರತೆಯಾದ್ರೆ ಮೊದಲು ಒದ್ದಾಡೋದು ಚಿಗುರು.

ಹಾಗಾಗಿ ಕೆಳಗಿನ ಎಲೆಗಳು ಪೂರ್ತಿ ಒಂದೇ ಸಮ ಹಳದಿಯಾಗಿ ಗಿಡ ಬೆಳೆಯೋದೂ ನಿಧಾನವಾದ್ರೆ ಸಾರಜನಕದ ಮೇಲೆ ಅನುಮಾನ. ಹಳೇ ಎಲೆಯ ನರಗಳು ಹಸಿರಾಗೇ ಇದ್ದು ನಡುವಿನ ಜಾಗ ಮಾತ್ರ ಹಳದಿಯಾದ್ರೆ ಮೆಗ್ನೀಸಿಯಂ. ಅಂಚು ಮಾತ್ರ ಹಳದಿಯಾಗಿ ಸುಟ್ಟ ಹಾಗಾದ್ರೆ ಪೊಟ್ಯಾಸಿಯಂ. ಅದೇ ನರ ಹಸಿರು, ನಡುವೆ ಹಳದಿ ಚಿತ್ರ ಚಿಗುರಿನಲ್ಲಿ ಕಂಡ್ರೆ ಕಬ್ಬಿಣ.

ಇದಕ್ಕೂ ಮುಂಚೆ ಬೆರಳನ್ನ ಮಣ್ಣಿಗೆ ಚುಚ್ಚಿ ನೋಡಿ. ಕುಂಡದ ಗಿಡಗಳು ಹಳದಿಯಾಗೋದಕ್ಕೆ ಅತಿ ಸಾಮಾನ್ಯ ಕಾರಣ ಗೊಬ್ಬರದ ಕೊರತೆ ಅಲ್ಲ, ಅತಿಯಾದ ನೀರು. ಬೇರಿಗೂ ಉಸಿರಾಡೋಕೆ ಆಮ್ಲಜನಕ ಬೇಕು. ತೂತಿಲ್ಲದ ಪೇಂಟ್ ಬಕೆಟ್‌ನಲ್ಲಿ ದಿನಾ ನೀರು ಕುಡಿಯೋ ಗಿಡಕ್ಕೆ ಯಾವ ಕಷಾಯ ಹಾಕಿದ್ರೂ ಅದು ಇನ್ನಷ್ಟು ನೀರು ಅಷ್ಟೇ. ತೂತು ಕೊರೆದು, ಮೇಲಿನ ಒಂದು ಇಂಚು ಮಣ್ಣು ಒಣಗೋ ತನಕ ಕಾಯೋದೇ ಮದ್ದು.

ಸಾರಜನಕಕ್ಕೆ ಮನೆಮದ್ದು ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತೆ. ಕಡಲೆಕಾಯಿ ಹಿಂಡಿಯಲ್ಲಿ ಸುಮಾರು ಶೇ. 7ರಷ್ಟು ಸಾರಜನಕ ಇರುತ್ತೆ. 100 ಗ್ರಾಂ ಹಿಂಡಿಯನ್ನ 1 ಲೀಟರ್ ನೀರಲ್ಲಿ ಮೂರ್ನಾಲ್ಕು ದಿನ ನೆನೆಸಿ, ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ಬುಡಕ್ಕೆ ಹಾಕಬಹುದು. (ಹಾಸ್ಟೆಲ್ ರೂಮಿನೊಳಗೆ ಮಾತ್ರ ನೆನೆಸಬೇಡಿ, ರೂಮ್‌ಮೇಟ್ ಜೊತೆಗಿನ ಸ್ನೇಹ ಉಳಿಯಲ್ಲ.) ಗಂಜಲವೂ ಅಷ್ಟೇ: ಹತ್ತು ಪಾಲು ನೀರು ಬೆರೆಸದೆ ಹಾಕಿದ್ರೆ ಬೇರು ಸುಡುತ್ತೆ. ಬಾಳೆಹಣ್ಣಿನ ಸಿಪ್ಪೆ ನೀರಿನಲ್ಲಿ ಸ್ವಲ್ಪ ಪೊಟ್ಯಾಸಿಯಂ ಬಿಡುತ್ತೆ, ಸಾರಜನಕ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ಅದನ್ನ ಕಾಂಪೋಸ್ಟ್‌ಗೆ ಹಾಕೋದೇ ವಾಸಿ. ಫಿಲ್ಟರ್ ಕಾಫಿಯ ಗಷ್ಟನ್ನೂ ಅಲ್ಲಿಗೇ ಹಾಕಿ.

ಇನ್ನು ಅಜ್ಜಿಯ ಮಜ್ಜಿಗೆ. ಇದರ ಹಿಂದೆ ಒಳ್ಳೇ ರಸಾಯನಶಾಸ್ತ್ರ ಇದೆ. ಬೆಂಗಳೂರಿನ ಕೆಂಪು ಮಣ್ಣಿಗೆ ಆ ಬಣ್ಣ ಬಂದಿರೋದೇ ಕಬ್ಬಿಣದ ಆಕ್ಸೈಡ್‌ನಿಂದ. ಹಾಗಿದ್ದೂ ಆ ಮಣ್ಣಿನ ಕುಂಡದಲ್ಲಿರೋ ಗಿಡ ಕಬ್ಬಿಣಕ್ಕೆ ಹಸಿದಿರಬಹುದು, ಯಾಕಂದ್ರೆ ತುಕ್ಕಿನ ರೂಪದ ಕಬ್ಬಿಣ ನೀರಲ್ಲಿ ಕರಗಲ್ಲ. ಮಣ್ಣಿನ ಪಿಎಚ್ ಏರಿದಷ್ಟೂ ಕರಗೋದು ಕಡಿಮೆ. ಪಿಎಚ್ ಏರಿಸೋದು ಯಾರು? ಬೋರ್‌ವೆಲ್ ನೀರು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಇರುತ್ತೆ. ಬಕೆಟ್ ಅಂಚಿನಲ್ಲಿ, ಗೀಸರ್ ಕಾಯಿಲ್ ಮೇಲೆ ಕೂರೋ ಬಿಳಿ ಪದರ ಅದೇ. ದಿನಾ ಆ ನೀರು ಹಾಕ್ತಾ ಹೋದ್ರೆ ಕುಂಡದ ಮಣ್ಣು ನಿಧಾನಕ್ಕೆ ಕ್ಷಾರವಾಗುತ್ತೆ, ಕಬ್ಬಿಣ ಎದುರಿಗಿದ್ದೂ ಬಾಯಿಗೆ ಸಿಗಲ್ಲ. ಹುಳಿ ಮಜ್ಜಿಗೆಯ ಲ್ಯಾಕ್ಟಿಕ್ ಆಮ್ಲ ಬೇರಿನ ಸುತ್ತ ಸ್ವಲ್ಪ ಹೊತ್ತು ಪಿಎಚ್ ಇಳಿಸಿ ಒಂದಿಷ್ಟು ಕಬ್ಬಿಣ ಕರಗೋ ಹಾಗೆ ಮಾಡುತ್ತೆ. ಮಜ್ಜಿಗೆಯಲ್ಲಿ ಕಬ್ಬಿಣದ ಮೊಳೆ ಹಾಕಿಟ್ಟು ಆಮೇಲೆ ಗಿಡಕ್ಕೆ ಹಾಕೋರೂ ಇದ್ದಾರೆ, ಅವರ ಲೆಕ್ಕಾಚಾರವೂ ಇದೇ.

ಒಂದು ಲೋಟ ಮಜ್ಜಿಗೆಗೆ ಎಂಟು ಹತ್ತು ಲೋಟ ನೀರು ಸೇರಿಸಿ, ಹದಿನೈದು ದಿನಕ್ಕೊಮ್ಮೆ ಹಾಕಿದ್ರೆ ಸಾಕು. ಮೆಸ್ಸಿನ ಮಜ್ಜಿಗೆ ಬೇಡ, ಅದರಲ್ಲಿ ಉಪ್ಪಿರುತ್ತೆ. ಉಪ್ಪು ಗಿಡಕ್ಕೆ ವಿಷ. ಈ ಹದಿನೈದು ದಿನದಲ್ಲಿ ಮೊಟ್ಟೆ ಸಿಪ್ಪೆ, ಬೂದಿ ಹತ್ತಿರವೂ ತರಬೇಡಿ. ಮೊಟ್ಟೆ ಸಿಪ್ಪೆಯಲ್ಲಿ ಶೇ. 90ಕ್ಕೂ ಹೆಚ್ಚು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದ್ರೆ ಗಡಸು ನೀರು ಮಾಡಿದ ಕೆಲಸವನ್ನೇ ಅದು ಮುಂದುವರಿಸುತ್ತೆ.

ಆದರೆ ಮಜ್ಜಿಗೆ ಹಾಕಿ ಮಾರನೇ ದಿನದಿಂದ ಮತ್ತೆ ಅದೇ ಬೋರ್ ನೀರು ಹಾಕಿದ್ರೆ ಎಷ್ಟು ದಿನ ತಡೆಯುತ್ತೆ? ನೀರು ಬದಲಾಯಿಸೋದೇ ದೊಡ್ಡ ಚಿಕಿತ್ಸೆ. ಮಳೆ ನೀರು ಹಿಡಿದಿಡಿ. ಲ್ಯಾಬಿನ ಎಸಿಯಿಂದ ತೊಟ್ಟಿಕ್ಕೋ ನೀರಿನಲ್ಲಿ ಲವಣ ಇಲ್ಲವೇ ಇಲ್ಲ ಅನ್ನಬಹುದು, ಅದನ್ನೂ ಬೆರೆಸಿ ಹಾಕಬಹುದು. ನೀರು ಉಳಿಸೋ ಉತ್ಸಾಹದಲ್ಲಿ ಆರ್‌ಓ ಯಂತ್ರ ಹೊರಬಿಡೋ ನೀರನ್ನ ಮಾತ್ರ ಕುಂಡಕ್ಕೆ ಹಾಕಬೇಡಿ. ಲವಣವೆಲ್ಲ ಸೇರಿರೋದೇ ಅದರಲ್ಲಿ. ಅದು ನೆಲ ಒರೆಸೋಕೆ ಸರಿ.

ಒಂದು ಸಲಕ್ಕೆ ಒಂದೇ ಮದ್ದು, ಆಮೇಲೆ ಎರಡು ವಾರ ಕಾಯಿರಿ. ಪೂರ್ತಿ ಹಳದಿಯಾದ ಹಳೇ ಎಲೆ ಮತ್ತೆ ಹಸಿರಾಗೋದು ಅಪರೂಪ. ನೋಡಬೇಕಾದ್ದು ಆಮೇಲೆ ಬರೋ ಚಿಗುರನ್ನ.

ಮನೆಮದ್ದಿಗೆ ಬಗ್ಗದ ಹಳದಿಯೂ ಇದೆ. ಬೆಂಡೆ ಗಿಡದಲ್ಲಿ ನರಗಳೇ ಹಳದಿಯಾಗಿ ಎಲೆ ಬಲೆ ಹಾಕಿದ ಹಾಗೆ ಕಂಡ್ರೆ ಅದು ಬಿಳಿ ನೊಣ ತಂದ ವೈರಸ್. ಗಿಡ ಕಿತ್ತು ದೂರ ಎಸೆಯಬೇಕು. ಉಳಿದ ಗಿಡಗಳಲ್ಲಿ ನೊಣ ಕಡಿಮೆ ಮಾಡೋಕೆ ಲೀಟರಿಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಸೋಪು ನೀರು ಬೆರೆಸಿ ಎಲೆಯ ಅಡಿಭಾಗಕ್ಕೆ ಸಂಜೆ ಸಿಂಪಡಿಸಬಹುದು.

ಕುಂಡದ ಬೆಂಡೆಯಾದ್ರೆ ಕಿತ್ತೆಸೆದು ಮರೆಯಬಹುದು. ಶೃಂಗೇರಿ, ಕೊಪ್ಪ, ಸುಳ್ಯ ಕಡೆಯಿಂದ ಬಂದಿರೋ ಗೆಳೆಯರಿಗೆ ಹಳದಿ ಎಲೆ ಅಂದ್ರೆ ಬೇರೆಯದೇ ಅರ್ಥ. ಅಲ್ಲಿನ ಅಡಿಕೆ ತೋಟಗಳಲ್ಲಿ ಹಳದಿ ಎಲೆ ರೋಗ ದಶಕಗಳಿಂದ ಇದೆ, ಕೇರಳದಲ್ಲಿ 1914ರಷ್ಟು ಹಿಂದೆಯೇ ಕಾಣಿಸಿಕೊಂಡದ್ದು. ಕಾರಣ ಫೈಟೊಪ್ಲಾಸ್ಮಾ ಅನ್ನೋ, ಕೋಶಗೋಡೆ ಇಲ್ಲದ ಬ್ಯಾಕ್ಟೀರಿಯಾ. ಮರದ ಆಹಾರನಾಳದಲ್ಲಿ ಅದು ಕೂತಿರುತ್ತೆ, ರಸ ಹೀರೋ ಕೀಟದಿಂದ ಹರಡುತ್ತೆ. ಸೋಗೆ ಹಳದಿಯಾಗಿ, ಅಡಿಕೆಯ ತಿರುಳು ಕಪ್ಪಾಗಿ, ವರ್ಷದಿಂದ ವರ್ಷಕ್ಕೆ ಇಳುವರಿ ಕುಸಿಯುತ್ತೆ. ವಾಸಿ ಮಾಡೋ ಮದ್ದು ಇಲ್ಲ, ಮಜ್ಜಿಗೆಯೂ ಅಲ್ಲ, ಅಂಗಡಿಯ ಬಾಟಲಿಯೂ ಅಲ್ಲ. ಗೊಬ್ಬರ ಸರಿಯಾಗಿ ಕೊಟ್ಟು, ಬಸಿಗಾಲುವೆ ಚೆನ್ನಾಗಿಟ್ಟುಕೊಂಡ್ರೆ ಮರ ಇನ್ನಷ್ಟು ವರ್ಷ ತಾಳಿಕೊಳ್ಳುತ್ತೆ. ಆದರೆ ಅಡಿಕೆಯಲ್ಲಿ ಕಾಣೋ ಎಲ್ಲ ಹಳದಿಯೂ ಈ ರೋಗವಲ್ಲ. ನೀರು ನಿಂತ ತೋಟದಲ್ಲೂ, ಪೋಷಕಾಂಶ ಕಡಿಮೆಯಾದ ತೋಟದಲ್ಲೂ ಸೋಗೆ ಹಳದಿಯಾಗುತ್ತೆ, ಅದನ್ನ ಸರಿಮಾಡಬಹುದು. ರಜೆಗೆ ಊರಿಗೆ ಹೋದಾಗ ತೋಟ ಹಳದಿಯಾಗಿ ಕಂಡ್ರೆ, ಅಪ್ಪ ಮದ್ದಿಗೆ ದುಡ್ಡು ಸುರಿಯೋಕೆ ಮುಂಚೆ ಸೋಗೆಯ ಫೋಟೋ, ಮಣ್ಣಿನ ಮಾದರಿ ಎರಡನ್ನೂ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಗೊಂಡು ಹೋಗಿ ತೋರಿಸಿ.