25 ಕೋಟಿಯ ಚೀಟಿ: ಕೇರಳ ಸರ್ಕಾರದ ಲಾಟರಿ ನಡೆಯುವುದು ಹೇಗೆ?

2024ರ ಅಕ್ಟೋಬರ್ 9ರಂದು ಕೇರಳ ಸರ್ಕಾರದ ತಿರುವೋಣಂ ಬಂಪರ್ ಲಾಟರಿಯ ಡ್ರಾ ನಡೆದಾಗ 25 ಕೋಟಿ ರೂಪಾಯಿಯ ಪ್ರಥಮ ಬಹುಮಾನ ಕರ್ನಾಟಕದ ನಿವಾಸಿಯೊಬ್ಬರ ಪಾಲಾಯಿತು. 500 ರೂಪಾಯಿಯ ಆ ಟಿಕೆಟ್ ಖರೀದಿಯಾಗಿದ್ದು ವಯನಾಡು ಜಿಲ್ಲೆಯಲ್ಲಿ. ಲಾಟರಿ ನಿಷೇಧವಿರುವ ರಾಜ್ಯದವರಿಗೆ ಇದು ಹೇಗೆ ಸಾಧ್ಯ, ನಿಜಕ್ಕೂ ಕೈಸೇರುವ ಹಣವೆಷ್ಟು ಎಂಬ ಪ್ರಶ್ನೆಗಳು ಸಹಜ.

ಭಾರತದಲ್ಲಿ ಕೇಂದ್ರ ಸರ್ಕಾರ ನಡೆಸುವ ರಾಷ್ಟ್ರೀಯ ಲಾಟರಿ ಇಲ್ಲ. ಇರುವುದು ರಾಜ್ಯಗಳ ಲಾಟರಿಗಳು. ಅವುಗಳ ನಿಯಮ ರೂಪಿಸಿರುವುದು ಸಂಸತ್ತು. 1998ರ ಲಾಟರಿ ನಿಯಂತ್ರಣ ಕಾಯ್ದೆಯ ಪ್ರಕಾರ ರಾಜ್ಯವೊಂದು ತನ್ನ ಗಡಿಯೊಳಗೆ ಇತರ ರಾಜ್ಯಗಳ ಟಿಕೆಟ್ ಮಾರಾಟವನ್ನು ನಿಷೇಧಿಸಬಹುದು. ಕರ್ನಾಟಕವು 2007ರಲ್ಲಿ ತನ್ನದೇ ಲಾಟರಿಯನ್ನೂ ಸೇರಿಸಿ ಎಲ್ಲ ಲಾಟರಿಗಳಿಗೆ ತೆರೆ ಎಳೆಯಿತು. ಆದರೆ ಈ ನಿಷೇಧ ಅನ್ವಯಿಸುವುದು ರಾಜ್ಯದೊಳಗಿನ ವ್ಯವಹಾರಕ್ಕೆ. ತಲಪಾಡಿ ಗಡಿ ದಾಟಿ ಕೇರಳದ ಅಂಗಡಿಯಲ್ಲಿ ಕೊಂಡ ಟಿಕೆಟ್‌ಗೆ ಬಹುಮಾನ ಬಂದರೆ, ವಿಜೇತರ ಊರು ಯಾವುದೆಂದು ಅಲ್ಲಿನ ಸರ್ಕಾರ ತಕರಾರು ತೆಗೆಯುವುದಿಲ್ಲ. ಹೊರರಾಜ್ಯದವರು ನೋಟರಿ ದೃಢೀಕರಿಸಿದ ದಾಖಲೆ ಒದಗಿಸಬೇಕು, ಅಷ್ಟೆ.

ದೇಶದಲ್ಲಿ ಲಾಟರಿಗೆಂದೇ ಮೊದಲು ಇಲಾಖೆ ತೆರೆದ ರಾಜ್ಯ ಕೇರಳ. ಅಂದಿನ ಹಣಕಾಸು ಸಚಿವ ಪಿ.ಕೆ. ಕುಂಞು ಅವರ ಕಲ್ಪನೆಯಂತೆ 1967ರ ನವೆಂಬರ್ 1ರಂದು ಟಿಕೆಟ್ ಬಿಡುಗಡೆಯಾಯಿತು. ಬೆಲೆ 1 ರೂಪಾಯಿ, ಪ್ರಥಮ ಬಹುಮಾನ 50 ಸಾವಿರ. ಮೊದಲ ಡ್ರಾ ನಡೆದುದು 1968ರ ಗಣರಾಜ್ಯೋತ್ಸವದ ದಿನ. ಈಗ ದಿನಕ್ಕೊಂದು ಡ್ರಾ. ಕಾರುಣ್ಯ, ಸ್ತ್ರೀಶಕ್ತಿ, ಸಮೃದ್ಧಿ ಎಂದು ಬೇರೆ ಬೇರೆ ಹೆಸರುಗಳೇಕೆ ಎಂದರೆ, ಒಂದು ಲಾಟರಿಗೆ ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ಕೂಡದೆಂದು ಕಾಯ್ದೆ ಹೇಳುತ್ತದೆ. ಹೆಸರು ಬದಲಾದರೆ ಲಾಟರಿಯೂ ಬದಲಾಯಿತು! ಬಂಪರ್‌ಗಳಿಗೂ ವರ್ಷಕ್ಕೆ ಆರರ ಮಿತಿಯಿದೆ.

ಡ್ರಾವನ್ನು ಸರ್ಕಾರವೇ, ತನ್ನ ರಾಜ್ಯದಲ್ಲೇ ನಡೆಸಬೇಕು. ಒಂಟಿ ಅಂಕಿಯ ಆಧಾರದ ಮೇಲೆ ಬಹುಮಾನ ನೀಡುವಂತಿಲ್ಲ. ಹಿಂದೆ ಅನೇಕ ಸಂಸಾರಗಳನ್ನು ಬೀದಿಗೆ ತಂದ ಒಂಟಿ ಅಂಕಿ ಲಾಟರಿಗೆ ಕಾನೂನಿನಲ್ಲಿ ಜಾಗವಿಲ್ಲದಿರುವುದು ಈ ಕಾರಣಕ್ಕೆ. ಕೇರಳದಲ್ಲಿ ತೀರ್ಪುಗಾರರ ಸಮ್ಮುಖದಲ್ಲಿ ಯಂತ್ರದ ಮೂಲಕ ಸಂಖ್ಯೆ ಆರಿಸಲಾಗುತ್ತದೆ. ಸರಣಿಯ ಅಕ್ಷರ ಮತ್ತು ಆರು ಅಂಕಿಗಳೆರಡೂ ಹೊಂದಿದ ಒಂದೇ ಟಿಕೆಟ್‌ಗೆ ಪ್ರಥಮ ಬಹುಮಾನ. ಸಣ್ಣ ಬಹುಮಾನಗಳಿಗೆ ಕೊನೆಯ ನಾಲ್ಕು ಅಂಕಿ ಹೊಂದಿದರೆ ಸಾಕು.

ಇನ್ನು ಹಣದ ಲೆಕ್ಕ. 25 ಕೋಟಿಯಲ್ಲಿ ಟಿಕೆಟ್ ಮಾರಿದ ಏಜೆಂಟರ ಪಾಲು ಶೇ 10, ಅಂದರೆ 2.5 ಕೋಟಿ. ಉಳಿದ 22.5 ಕೋಟಿಗೆ ಶೇ 30ರಂತೆ 6.75 ಕೋಟಿ ಆದಾಯ ತೆರಿಗೆ. ಬಳಿಕ ಸರ್‌ಚಾರ್ಜ್, ಸೆಸ್ ಕಳೆದರೆ ವಿಜೇತರಲ್ಲಿ ಉಳಿಯುವುದು 13 ಕೋಟಿಯ ಆಸುಪಾಸು. ಅದೃಷ್ಟ ಒಲಿಯುವ ಮುನ್ನ ವರ್ಷಗಟ್ಟಲೆ ಕೊಂಡು ಕಳೆದುಕೊಂಡ ಟಿಕೆಟ್‌ಗಳ ಖರ್ಚನ್ನು ಈ ಆದಾಯದಲ್ಲಿ ಕಳೆಯಲು ತೆರಿಗೆ ಕಾನೂನು ಅವಕಾಶ ನೀಡುವುದಿಲ್ಲ.

ಗೆಲ್ಲದವರೂ ತೆರಿಗೆ ಕಟ್ಟಿಯೇ ಇರುತ್ತಾರೆ. ಲಾಟರಿ ಮೇಲಿನ ಜಿಎಸ್‌ಟಿ 2020ರ ಮಾರ್ಚ್‌ನಿಂದ ಶೇ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಶೇ 40ಕ್ಕೇರಿತು. ಈ ದರದಲ್ಲಿ 500 ರೂಪಾಯಿಯ ಟಿಕೆಟ್‌ನಲ್ಲಿ ಸುಮಾರು 143 ರೂಪಾಯಿ ತೆರಿಗೆಯೇ. ಉಳಿದುದರಲ್ಲಿ ಬಹುಮಾನ, ಕಮಿಷನ್, ಮುದ್ರಣ ಎಲ್ಲವೂ ಆಗಬೇಕು. 2024ರ ಆ ಬಂಪರ್‌ನಲ್ಲಿ 71 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಾಟವಾಗಿದ್ದವು, 25 ಕೋಟಿ ಬಂದುದು ಒಂದಕ್ಕೆ. ಸರ್ಕಾರವೇ ನಡೆಸಿದರೂ ಲಾಟರಿ ಜೂಜೇ ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಇತ್ತ ಅದೇ ಹಣದಲ್ಲಿ ಬಡರೋಗಿಗಳ ಚಿಕಿತ್ಸೆಗೆ ನೆರವಾಗಲೆಂದು ಕೇರಳ 2011ರಲ್ಲಿ ಕಾರುಣ್ಯ ಲಾಟರಿ ಆರಂಭಿಸಿತು. ಎರಡೂ ನಿಜವೇ, ಟಿಕೆಟ್ ಕೊಳ್ಳುವವರಲ್ಲಿ ಬಡವರೇ ಬಹಳ ಎಂಬ ಇರಿಸುಮುರಿಸು ಮಾತ್ರ ಉಳಿದೇ ಇದೆ.

ಟಿಕೆಟ್ ಕೊಂಡವರು ಹಿಂಬದಿಯಲ್ಲಿ ಹೆಸರು, ವಿಳಾಸ ಬರೆದು ಸಹಿ ಮಾಡಿಡುವುದು ಒಳಿತು. ಫಲಿತಾಂಶವನ್ನು ಗೆಜೆಟ್‌ನೊಂದಿಗೆ ತಾಳೆ ನೋಡಿ 30 ದಿನಗಳೊಳಗೆ ಟಿಕೆಟ್ ಒಪ್ಪಿಸಬೇಕು. ಯಾರೂ ಕೇಳದ ಬಹುಮಾನ ಸರ್ಕಾರದ ಸ್ವತ್ತಾಗುತ್ತದೆ.

ನಮ್ಮ ನಗರಗಳ ಓದುಗರು ಮೋಸ ಹೋಗುವುದು ಬೇರೆಡೆ. ಕೇರಳ ಲಾಟರಿ ಕಾಗದದ ಟಿಕೆಟ್ ಮಾತ್ರ. ಅದಕ್ಕೆ ಆನ್‌ಲೈನ್ ಮಾರಾಟವಿಲ್ಲ. ಆದರೂ ವಾಟ್ಸ್‌ಆ್ಯಪ್‌ನಲ್ಲಿ ಟಿಕೆಟ್‌ನ ಚಿತ್ರ ಕಳುಹಿಸಿ ಹಣ ಕೇಳುವವರು, ಬಹುಮಾನ ಬಂದಿದೆ, ಮೊದಲು ತೆರಿಗೆ ಕಟ್ಟಿ ಎನ್ನುವವರು ಇದ್ದಾರೆ. ನಿಜವಾದ ಬಹುಮಾನದಲ್ಲಿ ತೆರಿಗೆಯನ್ನು ಮುರಿದುಕೊಂಡೇ ಹಣ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಮುಂಗಡವಾಗಿ ಒಂದು ರೂಪಾಯಿಯನ್ನೂ ಯಾರಿಗೂ ಕಟ್ಟಬೇಕಿಲ್ಲ.