ಹೆಸರು ಮಾಡಿದವರು, ಹೆಸರು ಮಾರಿದವರು

ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್‌ನಲ್ಲಿ ಮಗಳ ಮನೆ. ಶರತ್ಕಾಲದ ಶನಿವಾರಗಳಲ್ಲಿ ಅಲ್ಲಿ ಕಾರು ಹೊರಗೆ ತೆಗೆಯುವ ಹಾಗಿಲ್ಲ. ಹಳದಿ, ನೀಲಿ ಅಂಗಿ ತೊಟ್ಟು ಊರಿಗೆ ಊರೇ ವಿಶ್ವವಿದ್ಯಾಲಯದ ಫುಟ್‌ಬಾಲ್ ನೋಡಲು ನಡೆದಿರುತ್ತದೆ. 1927ರಲ್ಲಿ ಕಟ್ಟಿದ ಆ ಕ್ರೀಡಾಂಗಣದಲ್ಲಿ 1,07,601 ಮಂದಿ ಕೂರಬಹುದು. ಊರಿನ ಜನಸಂಖ್ಯೆಯೇ ಒಂದೂಕಾಲು ಲಕ್ಷದ ಆಸುಪಾಸು. ನಮ್ಮ ಕಡೆಯ ತೇರಿನ ದಿನ ನೆನಪಾಗುತ್ತದೆ. ವ್ಯತ್ಯಾಸ ಇಷ್ಟೇ, ಇಲ್ಲಿ ತೇರು ಎಳೆಯುವವರು ಇಪ್ಪತ್ತು ವರ್ಷದ ವಿದ್ಯಾರ್ಥಿಗಳು.

ಅಂಥದ್ದೊಂದು ಶನಿವಾರ ಹನ್ನೆರಡರ ಮೊಮ್ಮಗ ಟಿವಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಅದೇ ಆಟವನ್ನು ವಿಡಿಯೊ ಗೇಮಿನಲ್ಲಿ ಆಡುತ್ತಿದ್ದ. ಪರದೆಯ ಮೇಲೆ ಓಡುತ್ತಿದ್ದ ಹುಡುಗನ ಬೆನ್ನಿಗೆ ಹೆಸರು ಬರೆದಿತ್ತು.

‘ಇವ್ನು ನಿಜವಾಗ್ಲೂ ಇದಾನೆ ಅಜ್ಜ. ಗೇಮಲ್ಲಿ ಹೆಸರು ಹಾಕ್ಕೊಂಡಿದ್ದಕ್ಕೆ ಅವನಿಗೆ ಆರುನೂರು ಡಾಲರ್ ಕೊಟ್ಟಿದಾರೆ’ ಅಂದ.

‘ಬರೀ ಹೆಸರಿಗಾ?’

‘ಹೆಸರಿಗೆ, ಮುಖಕ್ಕೆ, ಎಲ್ಲಕ್ಕೂ. ಒಂದು ಗೇಮೂ ಫ್ರೀ.’

ಶಿವಮೊಗ್ಗದಲ್ಲಿ ನಾನೂ ಕಾಲೇಜಿನ ಪರವಾಗಿ ಕಬಡ್ಡಿ ಆಡಿದವನೇ. ಅಂತರ ಕಾಲೇಜು ಪಂದ್ಯ ಗೆದ್ದು ಬಂದಾಗ ಸಿಕ್ಕಿದ್ದು ಬಸ್ ಚಾರ್ಜು, ಎರಡು ಹೊತ್ತಿನ ಊಟ, ಒಂದು ಸರ್ಟಿಫಿಕೇಟು, ಹಾಜರಾತಿಯಲ್ಲಿ ಚೂರು ವಿನಾಯಿತಿ. ‘ಕಾಲೇಜಿಗೆ ಹೆಸರು ತಂದೆಯಂತೆ’ ಎಂದು ಅಪ್ಪ ಅಂದಿದ್ದರು. ಅದೇ ದೊಡ್ಡ ಸಂಭಾವನೆ. ಹೆಸರು ತರುವುದು, ಹೆಸರು ಮಾಡುವುದು, ಉಳಿಸುವುದು, ಕೆಡಿಸುವುದು ಎಲ್ಲ ನಮ್ಮ ಮಾತಿನಲ್ಲಿದ್ದವು. ಹೆಸರು ಮಾರುವುದು ಮಾತ್ರ ಇರಲಿಲ್ಲ.

ಅಮೆರಿಕದ ಕಾಲೇಜು ಆಟಗಾರರಿಗೂ ಮೊನ್ನೆ ಮೊನ್ನೆಯವರೆಗೆ ಇರಲಿಲ್ಲ. ಮಾರುವ ಹಕ್ಕು ಉಳಿದವರಿಗೆಲ್ಲ ಇತ್ತು, ಹೆಸರಿನವನಿಗಷ್ಟೇ ಇರಲಿಲ್ಲ.

ಅಲ್ಲಿ ಕಾಲೇಜು ಆಟ ಹುಟ್ಟಿದ್ದೇ ವ್ಯಾಪಾರದ ತೊಟ್ಟಿಲಲ್ಲಿ. 1852ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ವಿನಿಪೆಸಾಕಿ ಸರೋವರದಲ್ಲಿ ಹಾರ್ವರ್ಡ್ ಮತ್ತು ಯೇಲ್ ಹುಡುಗರು ದೋಣಿ ಓಡಿಸಿ ಪೈಪೋಟಿ ಮಾಡಿದರು. ಅದೇ ಅಲ್ಲಿನ ಮೊದಲ ಅಂತರ ಕಾಲೇಜು ಸ್ಪರ್ಧೆ. ಖರ್ಚು ಹಾಕಿದ್ದು ಒಂದು ರೈಲು ಕಂಪನಿ, ಪ್ರವಾಸಿಗರು ತನ್ನ ರೈಲು ಹತ್ತಿ ಬರಲಿ ಎಂದು. ಫುಟ್‌ಬಾಲ್ ಬಂದ ಮೇಲೆ ಮೈದಾನದಲ್ಲಿ ಹೆಣ ಬೀಳತೊಡಗಿದವು. 1905ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ದೊಡ್ಡ ಕಾಲೇಜುಗಳವರನ್ನು ಶ್ವೇತಭವನಕ್ಕೆ ಕರೆಸಿ ಆಟ ಸುಧಾರಿಸಿ ಎಂದರು. ಆ ವರ್ಷ ಅವರ ಮಗನೂ ಹಾರ್ವರ್ಡ್‌ನಲ್ಲಿ ಫುಟ್‌ಬಾಲ್ ಆಡುತ್ತಿದ್ದ. ಮರುವರ್ಷ ಹುಟ್ಟಿದ ಸಂಘವೇ ಮುಂದೆ ಎನ್‌ಸಿಎಎ ಆಗಿ ದೇಶದ ಕಾಲೇಜು ಕ್ರೀಡೆಯ ಯಜಮಾನಿಕೆ ಹಿಡಿಯಿತು. ಓದಲು ಬಂದ ಹುಡುಗ ಹವ್ಯಾಸಕ್ಕೆ ಆಡಬೇಕು, ಕಾಸಿಗಲ್ಲ ಎಂಬುದು ಅದರ ಮೂಲಮಂತ್ರ.

ಈ ಮಂತ್ರಕ್ಕೆ ಎದುರಾದವರಲ್ಲಿ ಒಬ್ಬ ವಿಧವೆಯೂ ಇದ್ದಳು. 1955ರಲ್ಲಿ ಕೊಲರಾಡೊದ ಫೋರ್ಟ್ ಲೂಯಿಸ್ ಕಾಲೇಜಿನ ರೇ ಡೆನಿಸನ್ ಫುಟ್‌ಬಾಲ್ ಆಡುವಾಗ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ. ಕೆಲಸದ ಮೇಲೆ ಸತ್ತ ನೌಕರನ ಮನೆಯವರಿಗೆ ಸಿಗುವ ಪರಿಹಾರ ತನಗೂ ಸಿಗಬೇಕೆಂದು ಅವನ ಹೆಂಡತಿ ಕೇಳಿದಳು. ರಾಜ್ಯದ ಸುಪ್ರೀಂ ಕೋರ್ಟ್ 1957ರಲ್ಲಿ ಇಲ್ಲವೆಂದಿತು: ಕಾಲೇಜೇನೂ ಫುಟ್‌ಬಾಲ್ ವ್ಯಾಪಾರ ಮಾಡುತ್ತಿಲ್ಲ, ಆದ್ದರಿಂದ ಆತ ನೌಕರನಲ್ಲ. ಇಂಥ ಪರಿಹಾರದ ದಾವೆಗಳ ಭಯಕ್ಕೇ ಎನ್‌ಸಿಎಎ ‘ಸ್ಟೂಡೆಂಟ್–ಅಥ್ಲೀಟ್’ ಎಂಬ ಪದವನ್ನು ಟಂಕಿಸಿ ಎಲ್ಲೆಡೆ ಬಳಕೆಗೆ ತಂದಿತು. ಇದನ್ನು ಬರೆದವರು ಬೇರಾರೂ ಅಲ್ಲ, ಸಂಘವನ್ನು ಮೂರೂವರೆ ದಶಕ ನಡೆಸಿದ ವಾಲ್ಟರ್ ಬೈಯರ್ಸ್. 1995ರ ತಮ್ಮ ಪುಸ್ತಕದಲ್ಲಿ ಅವರು ತಾವೇ ಕಟ್ಟಿದ ಮನೆಯ ತೊಲೆಗಳನ್ನು ಒಂದೊಂದಾಗಿ ಎಣಿಸಿ ತೋರಿಸಿದರು.

ಮೊದಲು ಈ ಮನೆಯ ಗೋಡೆ ಅಲುಗಿಸಿದ್ದು ಟಿವಿ. ಯಾವ ಪಂದ್ಯ ಪ್ರಸಾರವಾಗಬೇಕೆಂದು ಎನ್‌ಸಿಎಎ ಒಂದೇ ತೀರ್ಮಾನಿಸುವಂತಿಲ್ಲ ಎಂದು 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಪ್ರಸಾರದ ಹಣ ಹೊಳೆಯಾಗಿ ಹರಿಯಿತು. ಹಲವು ರಾಜ್ಯಗಳಲ್ಲಿ ಸರ್ಕಾರದಿಂದ ಅತಿ ಹೆಚ್ಚು ಸಂಬಳ ಪಡೆಯುವಾತ ರಾಜ್ಯಪಾಲನಲ್ಲ, ಫುಟ್‌ಬಾಲ್ ಕೋಚ್. ಆಡುವವನ ಪಾಲಿಗೆ ಮಾತ್ರ ಆಗ ಸಿಗುತ್ತಿದ್ದುದು ಫೀಸು, ಊಟ, ಹಾಸ್ಟೆಲ್ಲು. 1991ರಲ್ಲಿ ಇದೇ ಆ್ಯನ್ ಆರ್ಬರ್‌ಗೆ ಬಂದ ಐವರು ಹೊಸ ಹುಡುಗರು ಬ್ಯಾಸ್ಕೆಟ್‌ಬಾಲ್‌ನಲ್ಲಿ ‘ಫ್ಯಾಬ್ ಫೈವ್’ ಎಂದು ದೇಶವನ್ನೇ ಹುಚ್ಚೆಬ್ಬಿಸಿದರು. ಅವರ ಅಂಗಿ ಅಂಗಡಿಗಳಲ್ಲಿ ಬಿಸಿದೋಸೆಯಂತೆ ಖರ್ಚಾಯಿತು, ಅವರಿಗೆ ಬಿಡಿಗಾಸು ಬರಲಿಲ್ಲ. ಐವರಲ್ಲಿ ಒಬ್ಬನಾದ ಕ್ರಿಸ್ ವೆಬರ್ ಒಬ್ಬ ಅಭಿಮಾನಿಯಿಂದ ಹಣ ಪಡೆದಿದ್ದು ಬಯಲಾದಾಗ, 2002ರಲ್ಲಿ ಆ ತಂಡದ ಬ್ಯಾನರ್‌ಗಳನ್ನೇ ಕೆಳಗಿಳಿಸಿದರು.

ಇನ್ನು ಗೋಡೆ ಬಿರುಕು ಬಿಟ್ಟ ಕಥೆ. ಅದು ಶುರುವಾಗಿದ್ದು ನನ್ನ ಮೊಮ್ಮಗನಂಥ ಒಬ್ಬ ಹುಡುಗ ಟಿವಿ ಮುಂದೆ ಕೂತಿದ್ದಾಗ.

1995ರಲ್ಲಿ ಯುಸಿಎಲ್‌ಎ ತಂಡವನ್ನು ಬ್ಯಾಸ್ಕೆಟ್‌ಬಾಲ್ ಚಾಂಪಿಯನ್ ಮಾಡಿದ ಎಡ್ ಒ’ಬ್ಯಾನನ್, ಆಟ ಮುಗಿಸಿ ಲಾಸ್ ವೇಗಸ್‌ನಲ್ಲಿ ಕಾರು ಮಾರುತ್ತಿದ್ದರು. ಒಮ್ಮೆ ಗೆಳೆಯನ ಮನೆಗೆ ಹೋದಾಗ ಅವನ ಮಗ ಕಾಲೇಜು ಬ್ಯಾಸ್ಕೆಟ್‌ಬಾಲ್ ಗೇಮ್ ಆಡಿ ತೋರಿಸಿದ. ಪರದೆಯ ಮೇಲೆ ಬೋಳುತಲೆಯ, ಎಡಗೈಯ, 31ನೇ ನಂಬರಿನ ಆಟಗಾರ. ಹೆಸರಿಲ್ಲ, ಉಳಿದದ್ದೆಲ್ಲ ಒ’ಬ್ಯಾನನ್ನೇ. ಮೊದಲು ಹಿಗ್ಗು. ಇದಕ್ಕೆ ನಿನಗೇನೂ ಕೊಟ್ಟಿಲ್ಲವಲ್ಲ ಎಂದು ಗೆಳೆಯ ಅಂದ ಮೇಲೆ ಹಿಗ್ಗು ಇಳಿಯಿತು. 2009ರಲ್ಲಿ ದಾವೆ ಹೂಡಿದರು. 2014ರಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್, ಎನ್‌ಸಿಎಎ ನಿಯಮಗಳು ಪೈಪೋಟಿ ಕಾನೂನಿಗೆ ವಿರುದ್ಧ ಎಂದರು. ಅಷ್ಟರಲ್ಲಿ ಗೇಮ್ ಕಂಪನಿ ಕಾಲೇಜು ಆಟಗಳನ್ನು ಹೊರತರುವುದನ್ನೇ ನಿಲ್ಲಿಸಿತ್ತು. ಮೊಮ್ಮಗ ಆಡುತ್ತಿದ್ದ ಫುಟ್‌ಬಾಲ್ ಗೇಮ್ ಮತ್ತೆ ಬಂದದ್ದು 2024ರಲ್ಲಿ, ಹನ್ನೊಂದು ವರ್ಷದ ಮೇಲೆ, ಆಟಗಾರರ ಒಪ್ಪಿಗೆ ಕೇಳಿ.

ನಡುವೆ ಆದದ್ದು ಸಾಮಾಜಿಕ ಜಾಲತಾಣದ ಬೆಳೆ. ಮೊದಲೆಲ್ಲ ಆಟಗಾರನ ಹೆಸರು ಊರಿಗೆ ಮುಟ್ಟಬೇಕಾದರೆ ಕಾಲೇಜೋ ಟಿವಿಯೋ ಕೃಪೆ ಮಾಡಬೇಕಿತ್ತು. ಫೋನು ಬಂದ ಮೇಲೆ ಹುಡುಗರು ತಮ್ಮ ಡಂಗುರ ತಾವೇ ಸಾರಿಕೊಂಡರು. ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಚೆಂಡು ಒದೆಯುತ್ತಿದ್ದ ಡೊನಾಲ್ಡ್ ಡೆ ಲಾ ಹೇ ಯೂಟ್ಯೂಬ್ ವಿಡಿಯೊಗಳಿಂದ ನಾಲ್ಕು ಕಾಸು ಸಂಪಾದಿಸುತ್ತಿದ್ದ. ಆಟ ತೋರಿಸುವ ವಿಡಿಯೊಗಳಿಂದ ದುಡಿಯಬಾರದು ಎಂಬ ಷರತ್ತು ಬಂತು. ಒಪ್ಪಲಿಲ್ಲ. 2017ರಲ್ಲಿ ತಂಡದ ಜಾಗವೂ ವಿದ್ಯಾರ್ಥಿವೇತನವೂ ಹೋದವು. ಸಂಗೀತದ ವಿದ್ಯಾರ್ಥಿ ಹಾಡಿ ದುಡಿಯಬಹುದು, ಚೆಂಡು ಒದೆಯುವವನು ಮಾತ್ರ ದುಡಿಯಬಾರದು ಎಂಬುದು ಸಾಮಾನ್ಯ ಬುದ್ಧಿಗೂ ಒಗ್ಗದ ಮಾತಾಗಿತ್ತು.

ಮುಂದಿನದು ಬೇಗ ಬೇಗ ಆಯಿತು. 2019ರಲ್ಲಿ ಕ್ಯಾಲಿಫೋರ್ನಿಯಾ ಆಟಗಾರರಿಗೆ ತಮ್ಮ ಹೆಸರಿನ ಹಕ್ಕು ಕೊಡುವ ಕಾನೂನು ಮಾಡಿತು, ಉಳಿದ ರಾಜ್ಯಗಳು ಸಾಲಾಗಿ ಬಂದವು. 2021ರ ಜೂನ್ 21ರಂದು ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು, ಓದಿಗೆ ಸಂಬಂಧಿಸಿದ ಸೌಲಭ್ಯಗಳಿಗೆ ಎನ್‌ಸಿಎಎ ಮಿತಿ ಹೇರುವಂತಿಲ್ಲ ಎಂದರು. ಹತ್ತು ದಿನಕ್ಕೆ, ಜುಲೈ 1ರಂದು, ಸಂಘ ಬಾಗಿಲು ತೆರೆಯಿತು. ಅಂದೇ ಫ್ರೆಸ್ನೊ ಸ್ಟೇಟ್‌ನ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯರು, ಅವಳಿಗಳಾದ ಹೇಲಿ ಮತ್ತು ಹ್ಯಾನಾ ಕ್ಯಾವಿಂಡರ್, ಮೊಬೈಲ್ ಕಂಪನಿಯೊಂದರ ಜತೆ ಕರಾರು ಮಾಡಿಕೊಂಡರು. ಟಿಕ್‌ಟಾಕ್‌ನಲ್ಲಿ ಅವರಿಗೆ ಲಕ್ಷಗಟ್ಟಲೆ ಹಿಂಬಾಲಕರಿದ್ದರು. ಅದನ್ನು ಕಾಲೇಜು ಕೊಟ್ಟಿರಲಿಲ್ಲ, ಅಕ್ಕತಂಗಿಯರು ಚೆಂಡು ಪುಟಿಸುತ್ತ ಕುಣಿದು ಸಂಪಾದಿಸಿದ್ದರು.

2025ರ ಜೂನ್‌ನಲ್ಲಿ ಅದೇ ವಿಲ್ಕೆನ್ ಎನ್‌ಸಿಎಎ ಮತ್ತು ಆಟಗಾರರ ನಡುವಿನ ಒಂದು ರಾಜಿಗೆ ಸಹಿ ಹಾಕಿದರು. ಹಿಂದಿನ ಆಟಗಾರರಿಗೆ ಬಾಕಿಯೆಂದು ಹತ್ತು ವರ್ಷಗಳಲ್ಲಿ 280 ಕೋಟಿ ಡಾಲರ್. ಇಂದಿನವರಿಗೆ ಕಾಲೇಜೇ ನೇರವಾಗಿ, ಮೊದಲ ವರ್ಷ 2.05 ಕೋಟಿ ಡಾಲರ್‌ವರೆಗೆ, ಹಂಚಬಹುದು. ನಮ್ಮ ಮಕ್ಕಳಿಗೆ ಇದರಲ್ಲೊಂದು ಮುಳ್ಳಿದೆ. ಭಾರತದಿಂದ ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಅಲ್ಲಿ ಕೆಲಸಕ್ಕೇ ಕಟ್ಟುಪಾಡು. ಪಕ್ಕದ ಹುಡುಗ ಹೆಸರು ಮಾರಿ ಕಾರು ಕೊಂಡರೂ ಇವರು ಕೈಕಟ್ಟಿ ನೋಡಬೇಕು.

ಈ ಸಲ ಹೋದಾಗ ಮೊಮ್ಮಗ ಶಾಲೆಯ ಸಾಕರ್ ಪಂದ್ಯದಲ್ಲಿ ಗೋಲು ಹೊಡೆದ. ಬೇಲಿಯಾಚೆ ನಿಂತು ಫೋನಿನಲ್ಲಿ ಹಿಡಿದವನೇ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಮನೆ ಮುಟ್ಟುವಷ್ಟರಲ್ಲಿ ಊರಿನಿಂದ ಚಪ್ಪಾಳೆಗಳ ಸರಮಾಲೆ: ‘ಮನೆತನಕ್ಕೆ ಹೆಸರು ತಂದ’, ‘ದೃಷ್ಟಿ ತೆಗೀರಿ’. ಹುಡುಗ ಮಾತ್ರ ಮುಖ ಊದಿಸಿಕೊಂಡಿದ್ದ.

‘ನನ್ನ ಕೇಳಿದ್ಯಾ ಅಜ್ಜ?’

‘ನಮ್ಮ ಮನೆಯವರಿಗೇ ತಾನೆ ಕಳಿಸಿದ್ದು?’ ಅಂದೆ. ಅಂದವನೇ ನಾಲಿಗೆ ಕಚ್ಚಿಕೊಂಡೆ. ನಾವೆಲ್ಲ ಒಂದೇ ಮನೆ, ನಿನ್ನ ಹೆಸರು ಬೇರೆ ನಮ್ಮ ಹೆಸರು ಬೇರೆಯೇ? ಕಾಲೇಜುಗಳು ನೂರು ವರ್ಷ ಹೇಳಿಕೊಂಡು ಬಂದ ಮಾತು ನನ್ನ ಬಾಯಲ್ಲೂ ಸಲೀಸಾಗಿ ಬಂದಿತ್ತು.

ವಿಡಿಯೊ ಅಳಿಸಿದೆ. ಅಷ್ಟರಲ್ಲಿ ದಾವಣಗೆರೆಯ ನಾದಿನಿ ಅದನ್ನು ಸ್ಟೇಟಸ್‌ಗೆ ಹಾಕಿಯಾಗಿತ್ತು. ನಾಮಕರಣದ ಫೋಟೊದಿಂದ ಹಿಡಿದು ಹಳೆಯದಕ್ಕೆಲ್ಲ ಬಾಕಿ ಕೊಡಬೇಕೆಂದು ಹುಡುಗ ಪಟ್ಟು ಹಿಡಿದ. ಅವನಮ್ಮ ನ್ಯಾಯಾಧೀಶೆಯಾಗಿ ರಾಜಿ ಮಾಡಿಸಿದಳು: ಇನ್ನು ಮುಂದೆ ಕೇಳಿ ಹಾಕತಕ್ಕದ್ದು, ಹಿಂದಿನದಕ್ಕೆ ನಾಲ್ಕು ಶನಿವಾರ ಅಜ್ಜನ ಕೈಯ ಮಸಾಲೆ ದೋಸೆ.

ತೀರ್ಪು ಕೊಟ್ಟವಳ ಇನ್‌ಸ್ಟಾಗ್ರಾಂನಲ್ಲೇ ಅವನ ಇನ್ನೂರು ಫೋಟೊಗಳಿವೆ. ಆ ದಾವೆಯ ವಿಚಾರಣೆ ಇನ್ನೂ ಬಾಕಿ.