ಪ್ರೌಢ ವಿದ್ಯಾರ್ಥಿಯ ಸಂಗೀತಾಭ್ಯಾಸ

ಸಂಗೀತವನ್ನು ಎಳೆತನದಲ್ಲಿಯೇ ಕಲಿಯತಕ್ಕದ್ದು, ವಯಸ್ಸು ಮೀರಿದ ಮೇಲೆ ಕಂಠವಾಗಲಿ ಬೆರಳಾಗಲಿ ಮಣಿಯದು ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಪರಿಸರದಲ್ಲಿ ಭಜನೆ, ಶ್ರೀಕೃಷ್ಣ ಪಾರಿಜಾತದ ಆಟ, ಬನಶಂಕರಿ ಜಾತ್ರೆಯ ನಾಟಕ ಇವುಗಳಿಂದ ಕಿವಿ ಸಂಸ್ಕಾರಗೊಂಡವರು ಅನೇಕರು. ಆದರೆ ಉದ್ಯೋಗ ಸಂಸಾರಗಳು ನೆಲೆಗೊಂಡ ಬಳಿಕ ಹಾರ್ಮೋನಿಯಂ ಕೊಂಡು, ಕೆಲವೇ ತಿಂಗಳಲ್ಲಿ ಅದಕ್ಕೆ ಬಟ್ಟೆ ಹೊದಿಸಿ ಮೂಲೆಗಿಡುವವರೂ ಉಂಟು. ಅಂಥವರಿಗೆ ಸಾಮಾನ್ಯವಾಗಿ ಕೊರತೆಯಾಗುವುದು ಪ್ರತಿಭೆಯಲ್ಲ, ಅಭ್ಯಾಸದ ಕ್ರಮ.

ಗಂಗೂಬಾಯಿ ಹಾನಗಲ್ಲ (1913–2009) ಅವರ ನಿದರ್ಶನ ಇಲ್ಲಿ ವಿಚಾರಾರ್ಹವಾಗಿದೆ. 1930ರ ದಶಕದ ಆರಂಭದಲ್ಲಿಯೇ ಅವರ ಧ್ವನಿಮುದ್ರಿಕೆಗಳು ಹೊರಬಂದಿದ್ದವು. ಆದರೂ ಆ ದಶಕದ ಉತ್ತರಾರ್ಧದಲ್ಲಿ, ತಾಯಿಯಾಗಿ ಮನೆಯ ಹೊಣೆ ಹೊತ್ತಿದ್ದ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಪಾಠ ಪಡೆದರು. ಗುರುಗಳು ಹೇಳಿಕೊಡುತ್ತಿದ್ದುದು ಅಲ್ಪ. ಅದನ್ನೇ ಮತ್ತೆ ಮತ್ತೆ ತಿದ್ದಿಸುತ್ತಿದ್ದರು. ಅವರ ಸಿದ್ಧಿ ಎಲ್ಲರಿಗೂ ಸಾಧ್ಯವಲ್ಲವಾದರೂ ಆ ಕ್ರಮ ಎಲ್ಲರಿಗೂ ಅನ್ವಯಿಸುತ್ತದೆ.

ಪ್ರೌಢನ ತೊಡಕು ಬಾಲಕನದಕ್ಕಿಂತ ಭಿನ್ನವಾದುದು. ಅವನ ತಿಳಿವಳಿಕೆ ಮುಂದೆ ಓಡುತ್ತದೆ, ಕಂಠ ಹಿಂದುಳಿಯುತ್ತದೆ. ಉತ್ತಮ ಗಾಯನವನ್ನು ಕೇಳಿದ ಕಿವಿ ತನ್ನ ದನಿಯನ್ನು ನಿಷ್ಠುರವಾಗಿ ತೂಗುತ್ತದೆ. ನಾಚಿಕೆಯಿಂದ ಅಭ್ಯಾಸ ತಪ್ಪುತ್ತದೆ. ಅಭ್ಯಾಸ ತಪ್ಪಿದುದರಿಂದ ನಾಚಿಕೆ ಹೆಚ್ಚುತ್ತದೆ. ವಾರಕ್ಕೊಮ್ಮೆ ಹುನಗುಂದದಿಂದ ಬಾಗಲಕೋಟೆಗೆ ಬಂದು ಪಾಠ ಹೇಳಿಸಿಕೊಳ್ಳುವವನಿಗೆ ಉಳಿದ ಆರು ದಿನಗಳಲ್ಲಿ ತಾನೇ ಗುರು.

ಆದುದರಿಂದ ಮೊದಲು ಮಾಡಬೇಕಾದುದು, ಈಗಾಗಲೇ ರೂಢವಾದ ಒಂದು ಕೆಲಸಕ್ಕೆ ಅಭ್ಯಾಸವನ್ನು ಗಂಟುಹಾಕುವುದು. ನೇಕಾರನು ಮಗ್ಗಕ್ಕೆ ಇಳಿಯುವ ಮೊದಲು, ಅಧ್ಯಾಪಕನು ಸಂಜೆಯ ಚಹದ ಬಳಿಕ, ಅದೇ ಸ್ಥಳದಲ್ಲಿ ಕುಳಿತುಕೊಳ್ಳಲಿ. ಎರಡನೆಯದು ಪ್ರಮಾಣ. ಭಾನುವಾರದ ಎರಡು ಗಂಟೆಗಿಂತ ನಿತ್ಯದ ಇಪ್ಪತ್ತು ನಿಮಿಷ ಮೇಲು. ಒಂದೇ ದಿನ ರಾಶಿಹಾಕಿದ ಪುನರಾವರ್ತನೆಗಿಂತ ದಿನದಿನಕ್ಕೆ ಹಂಚಿದ ಪುನರಾವರ್ತನೆ ಹೆಚ್ಚು ನಿಲ್ಲುತ್ತದೆಂದು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿಯೇ ತನ್ನ ಸ್ಮೃತಿ ಪ್ರಯೋಗಗಳಿಂದ ತೋರಿಸಿದನು.

ಮೂರನೆಯದು ಒಳಗಿನ ವಿಂಗಡಣೆ. ತಂಬೂರಿಯ ಶ್ರುತಿಗೆ ಷಡ್ಜ ಹಿಡಿಯುವುದು, ಒಂದೇ ಅಲಂಕಾರವನ್ನು ವಿಲಂಬದಲ್ಲಿ ಹಾಡುವುದು, ಕೊನೆಗೆ ಚೀಜಿನ ಒಂದು ಸಾಲು. ತಪ್ಪಿದಾಗ ಮೊದಲಿನಿಂದ ಹಾಡದೆ, ತಪ್ಪಿದ ಎರಡು ಸ್ವರಗಳ ಸಂಧಿಯನ್ನು ಮಾತ್ರ ತಿದ್ದಬೇಕು. ಇಳಕಲ್ಲ ಸೀರೆಯಲ್ಲಿ ಮೈಯ ಹಾಸಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕೊಂಡಿ ಕೊಂಡಿಯಾಗಿ ಕೂಡಿಸುತ್ತಾರೆ; ಅಲ್ಲಿ ಆತುರಕ್ಕೆ ಎಡೆಯಿಲ್ಲ. ಸ್ವರಸಂಧಿಯೂ ಅಂಥದೇ. ವಾರಕ್ಕೊಮ್ಮೆ ಮೊಬೈಲಿನಲ್ಲಿ ದನಿಯನ್ನು ಮುದ್ರಿಸಿಟ್ಟು ಹಿಂದಿನದರೊಡನೆ ಹೋಲಿಸಿದರೆ, ದಿನದಲ್ಲಿ ಕಾಣದ ಪ್ರಗತಿ ತಿಂಗಳಲ್ಲಿ ಕಾಣುವುದು.

ಮದುವೆ, ಪರೀಕ್ಷೆ, ಕಾಯಿಲೆಗಳಿಂದ ದಿನ ತಪ್ಪುವುದು ಸಹಜ. ಲಂಡನ್ನಿನಲ್ಲಿ 96 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವು ಆಹಾರ, ವ್ಯಾಯಾಮಗಳಂಥ ನಿತ್ಯಕರ್ಮಗಳಿಗೆ ಸಂಬಂಧಿಸಿದ್ದು. ಅದರ ಪ್ರಕಾರ ರೂಢಿ ನೆಲೆಗೊಳ್ಳಲು ಸರಾಸರಿ 66 ದಿನ ಬೇಕು. ಆದರೆ ಈ ಅವಧಿ 18ರಿಂದ 254 ದಿನಗಳವರೆಗೆ ಬದಲಾಗುತ್ತದೆ. ಒಂದು ದಿನ ತಪ್ಪಿದುದರಿಂದ ಗಣನೀಯ ಹಾನಿ ಕಂಡುಬರಲಿಲ್ಲ. ತಪ್ಪಿದ ದಿನದ ಮರುದಿನ ಐದು ನಿಮಿಷವಾದರೂ ಕುಳಿತವನ ಅಭ್ಯಾಸ ಉಳಿಯುತ್ತದೆ. ಪ್ರೌಢರಿಗೆ ಕಲಿಸುವವರು ರಾಗದೊಡನೆ ಈ ಕ್ರಮವನ್ನೂ ಪಾಠವಾಗಿ ಹೇಳಿಕೊಡುವುದು ಯುಕ್ತ.